ಗಡಿಯಾರದವಳ ಚಹರೆ

ಮಾರ್ಚ್ ೪, ಮಂಗಳವಾರ

ಸಿಟ್ಟು ಬಂದಾಗ ಬರೆದುಬಿಡಬೇಕು, ಇಲ್ಲವಾದರೆ ಅದು ಪಾತ್ರೆಗಳ ಮೇಲೆ ಹೋಗುತ್ತದೆ. ಇವತ್ತು ಬೆಳಿಗ್ಗೆಯೇ ಒಂದು ಲೋಟ ನೆಗ್ಗಿದೆ.

ಕಥೆಗಳ ಆ್ಯಪ್‌ನ ಸಂಪಾದಕಿ ಫೋನ್ ಮಾಡಿದ್ದಳು. ಇಪ್ಪತ್ತಾರರ ಹುಡುಗಿ. ಒಳ್ಳೆಯ ಸುದ್ದಿ ಇದ್ದರೆ ಮೇಡಂ ಎನ್ನುತ್ತಾಳೆ, ಕೆಟ್ಟದ್ದಿದ್ದರೆ ಆಂಟಿ.

"ಆಂಟೀ, ಕೆಲಸದಲ್ಲಿದ್ದೀರಾ?"

ಅಲ್ಲಿಗೇ ಅರ್ಥವಾಯಿತು.

ಅವರು ಓದುಗರ ಅಭಿಪ್ರಾಯ ಕೇಳಿದ್ದರಂತೆ. ಶೃಂಗಾರ ಕಥೆಯಲ್ಲಿ ಪಾತ್ರಗಳ ಮೈಮಾಟದ ವರ್ಣನೆ ಎಷ್ಟಿರಬೇಕು? ಪೂರ್ತಿ ಬೇಕು, ಸ್ವಲ್ಪ ಸಾಕು, ಬೇಡವೇ ಬೇಡ. ಮುಕ್ಕಾಲುಪಾಲು ಜನ ಪೂರ್ತಿ ಬೇಕು ಎಂದು ಒತ್ತಿದ್ದಾರಂತೆ.

"ನಿಮ್ಮ ಗಡಿಯಾರದವಳಿಗೆ ಹನ್ನೊಂದು ಕಂತಾದ್ರೂ ಮುಖಾನೇ ಇಲ್ಲ. ಮುಂದಿನ ಕಂತಲ್ಲಿ ಬಾಗಿಲು ಹಾಕ್ಕೊಳ್ತಾರೆ. ಈಗ್ಲಾದ್ರೂ ಹೇಗಿದ್ದಾಳೆ ಅಂತ ಹೇಳಿಬಿಡಿ."

"ಅವಳ ಕೈ ಬಗ್ಗೆ ಬರೆದಿದ್ದೀನಲ್ಲ."

"ಕೈ ಯಾರಿಗೆ ಬೇಕು ಆಂಟೀ!"

ನನ್ನ ಕಥೆ ಇಷ್ಟೇ. ಒಬ್ಬಳು ಗಡಿಯಾರ ರಿಪೇರಿ ಮಾಡುತ್ತಾಳೆ. ಒಬ್ಬ ಒಂದೇ ಗಡಿಯಾರವನ್ನು ತಾನೇ ಕೆಡಿಸಿ ಕೆಡಿಸಿ ಅವಳಲ್ಲಿಗೆ ತರುತ್ತಾನೆ. ಅವನೇ ಕೆಡಿಸುತ್ತಿದ್ದಾನೆಂದು ಅವಳಿಗೆ ಮೊದಲ ದಿನವೇ ಗೊತ್ತು. ಹನ್ನೊಂದು ಕಂತು ಅವನು ನೋಡಿದ್ದು ಅವಳ ಬೆರಳುಗಳನ್ನು, ಮಸೂರದ ಹಿಂದೆ ದೊಡ್ಡದಾಗಿ ಕಾಣುವ ಒಂದು ಕಣ್ಣನ್ನು. ಇಷ್ಟು ಸಾಲದೇ?

ಎಂ.ಎ. ಓದುವಾಗ ಹಳೆಯ ಕಾವ್ಯಗಳ ನಾಯಕಿಯರನ್ನು ಅಡಿಯಿಂದ ಮುಡಿಯವರೆಗೆ ಬಾಯಿಪಾಠ ಮಾಡಿದ್ದೆ. ಜಿಂಕೆಯ ಕಣ್ಣು, ಹಂಸದ ನಡಿಗೆ, ಸಿಂಹದ ನಡು, ಆನೆಸೊಂಡಿಲಿನ ತೊಡೆ. ಹೆಣ್ಣಲ್ಲ, ಮೃಗಾಲಯ. ಆ ಉತ್ತರಕ್ಕೆ ನನಗೆ ತರಗತಿಗೇ ಹೆಚ್ಚು ಅಂಕ ಬಂದಿತ್ತು. ಅದೇ ಉತ್ತರವನ್ನು ನಲವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಬರೆಯಲು ನಾನು ತಯಾರಿಲ್ಲ.

ಬರೆಯುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ.

ಮಾರ್ಚ್ ೬, ಗುರುವಾರ

ತಮಾಷೆಯೆಂದರೆ, ದಿನವಿಡೀ ನಾನು ಮಾಡುವುದು ಅದೇ ಕೆಲಸ. ಪತ್ರಿಕೆಯ ಕಚೇರಿಯಲ್ಲಿ ಕೆಳಮಹಡಿಯ ಪ್ರಕಟಣೆ ಕೌಂಟರು ನನ್ನದು. ಕಳೆದುಹೋದ ಪ್ರಮಾಣಪತ್ರ, ತೀರಿಕೊಂಡವರು, ಕಾಣೆಯಾದವರು. ಗಾಜಿನಲ್ಲಿ ಅಂಗೈಯಗಲದ ಕಿಂಡಿ. ಆ ಕಡೆ ಅಳು, ಈ ಕಡೆ ನಾನು, ನಡುವೆ ದಾರ ಕಟ್ಟಿದ ಪೆನ್ನು.

ಕಾಣೆಯಾದವರಿಗೆ ಚಹರೆ ಬೇಕು. ಎತ್ತರ. ದುಂಡು ಮುಖ ಇಲ್ಲವೇ ಕೋಲು ಮುಖ. ಮೂರನೆಯ ಬಗೆಯ ಮುಖ ನಮ್ಮಲ್ಲಿಲ್ಲ. ಬಣ್ಣ ಗೋಧಿ, ಎಣ್ಣೆಗೆಂಪು ಅಥವಾ ಕಪ್ಪು. ಸಾಧಾರಣ ಮೈಕಟ್ಟು. ಕೊನೆಯಲ್ಲಿ, ಕಾಣೆಯಾದಾಗ ಧರಿಸಿದ್ದ ಉಡುಪು. ಬರೆದದ್ದನ್ನು ನಮ್ಮ ಮುಖ್ಯಸ್ಥರು ನೋಡುತ್ತಾರೆ. ಎಲ್ಲೆಂದರಲ್ಲಿ ಅಲ್ಪವಿರಾಮ ಹಾಕುವುದರಿಂದ ಅವರಿಗೆ ಅದೇ ಹೆಸರು ನಿಂತಿದೆ. ದುಂಡು ಎಂಬುದಕ್ಕೂ ಮುಖ ಎಂಬುದಕ್ಕೂ ನಡುವೆ ಒಂದು ಹಾಕಿ, "ಉಸಿರಾಡಲಿ ಬಿಡಿ" ಎನ್ನುತ್ತಾರೆ.

ಸಂಜೆ ಮನೆಯಲ್ಲಿ ಇವರು ಪೆನ್ಸಿಲ್ ಹೆರೆಯುತ್ತ ಕೂತಿದ್ದರು. ಭೂಮಾಪನ ಇಲಾಖೆಯಲ್ಲಿ ಎಲ್ಲರೂ ಯಂತ್ರಕ್ಕೆ ಬದಲಾದರೂ ಇವರಿಗೆ ಚೂಪಾದ ಪೆನ್ಸಿಲ್ ಇಲ್ಲದೆ ಕೈ ಓಡುವುದಿಲ್ಲ. ಸುಮ್ಮನೆ ಕೇಳಿದೆ.

"ರೀ, ನಾನು ಕಾಣೆಯಾದ್ರೆ ಪೇಪರ್‌ಗೆ ಏನಂತ ಬರೆಸ್ತೀರಿ?"

"ಯಾಕೆ, ಎಲ್ಲಿಗೆ ಹೊರಟೆ?"

"ಹೇಳಿ ಅಂದ್ರೆ."

ಪೆನ್ಸಿಲ್ಲಿನ ಮೊನೆ ನೋಡುತ್ತಲೇ ಹೇಳಿದರು. "ಐದಡಿ ಎರಡಂಗುಲ. ಸಾಧಾರಣ ಮೈಕಟ್ಟು. ಕನ್ನಡಕ."

"ಇನ್ನೇನಿಲ್ವಾ?"

"ಪೇಪರ್‌ಗೆ ಇಷ್ಟು ಸಾಲದಾ?"

ಮಾರ್ಚ್ ೭, ಶುಕ್ರವಾರ

ಇಪ್ಪತ್ತೆರಡು ವರ್ಷದ ಸಂಸಾರ. ಸಾಧಾರಣ ಮೈಕಟ್ಟು.

ಬೆನ್ನುನೋವು ಬಂದಾಗ ಇವರು ಹೊರಕೋಣೆಯ ಹಲಗೆ ಮಂಚಕ್ಕೆ ಹೋದರು. ಬೆನ್ನು ವಾಸಿಯಾಗಿ ವರ್ಷವಾಯಿತು, ಮಂಚ ಇನ್ನೂ ವಾಸಿಯಾಗಿಲ್ಲ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ನಾನು ಬರೆಯಬೇಕಾದ್ದು ಹನ್ನೆರಡನೆಯ ಕಂತು.

ಬರೆದು ಕಳಿಸಿದೆ. ಬಾಗಿಲು ಹಾಕಿಕೊಂಡರು. ಅವಳು ಹೇಗಿದ್ದಾಳೆ ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ಏನು ಮಾಡುತ್ತಾರೋ ಮಾಡಲಿ.

ಮಾರ್ಚ್ ೧೧, ಮಂಗಳವಾರ

ಇವತ್ತು ಬಂದವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ದಾರ ಕಟ್ಟಿದ ನಮ್ಮ ಪೆನ್ನನ್ನು ಮುಟ್ಟಲೂ ಇಲ್ಲ. ಹೆಂಡತಿಗೆ ಮರೆವಿನ ಕಾಯಿಲೆ. ಬೆಳಿಗ್ಗೆ ಬಾಗಿಲು ತೆರೆದು ಹೊರಟುಹೋಗಿದ್ದಾರೆ. ಪೊಲೀಸರಿಗೆ ಹೇಳಿ ಸೀದಾ ಇಲ್ಲಿಗೆ ಬಂದಿದ್ದರು. ತಂದಿದ್ದ ಫೋಟೋ ಮದುವೆಯ ವರ್ಷದ್ದು.

"ಇದು ಬಿಟ್ರೆ ಬೇರೆ ಇಲ್ವಾ ಸರ್?"

"ಆಮೇಲೆ ಅವಳೇ ಕ್ಯಾಮೆರಾ ಹಿಡಿಯೋಕೆ ಶುರುಮಾಡಿದ್ಲು. ಎಲ್ಲದ್ರಲ್ಲೂ ನಾನೇ ಇದ್ದೀನಿ."

"ಎತ್ತರ ಎಷ್ಟು?"

ಕಿಂಡಿಯ ಮುಂದಿನ ಸ್ಟೂಲಿನಿಂದ ಎದ್ದು ನಿಂತರು. ಅಂಗೈಯನ್ನು ಮಟ್ಟವಾಗಿ ತಮ್ಮ ಭುಜದ ಹತ್ತಿರ ಹಿಡಿದರು. "ಇಲ್ಲಿಗೆ ಬರ್ತಾಳೆ."

"ಅಡಿ ಲೆಕ್ಕದಲ್ಲಿ?"

"ಅಡಿ ಲೆಕ್ಕದಲ್ಲಿ ಅವಳನ್ನ ನೋಡಿಲ್ಲಮ್ಮ ನಾನು."

"ಬಣ್ಣ?"

"ಮುಖದ್ದಾ? ತೋಳಿಂದಾ?" ಎಂದು ಕೇಳಿ ತಾವೇ ನಾಚಿಕೊಂಡರು. ಹಿಂದೆ ಸಾಲು ಬೆಳೆಯುತ್ತಿತ್ತು. ಗುರುತಿನ ಮಚ್ಚೆ ಏನಾದರೂ ಇದೆಯೇ ಎಂದೆ. ಹಿಂದಿನ ಸಾಲನ್ನೊಮ್ಮೆ ತಿರುಗಿ ನೋಡಿದರು. ಆಮೇಲೆ ಕಿಂಡಿಗೆ ಬಾಯಿ ತಂದು ಮೆಲ್ಲಗೆ ಹೇಳಿದರು. "ಬಲಗಿವಿ ಹಿಂದೆ ಚರ್ಮ ತುಂಬ ಮೆತ್ತಗಿದೆ. ಎಳೇ ಮಗೂದಿದ್ದ ಹಾಗೆ. ಅದು ಬರೆಯೋಕಾಗಲ್ಲ, ಅಲ್ವಾ?"

"ಆಗಲ್ಲ ಸರ್."

"ಹೌದು. ಅದನ್ನ ಯಾರು ನೋಡ್ತಾರೆ."

ನಾನು ಅಭ್ಯಾಸಬಲದಿಂದ ಬರೆದೆ. ಐದಡಿ ಒಂದಂಗುಲ, ದುಂಡು ಮುಖ, ಗೋಧಿ ಬಣ್ಣ, ಸಾಧಾರಣ ಮೈಕಟ್ಟು. ಕಾಗದ ಓದಿದ ಅವರು, ಬೇರೆ ಯಾರದೋ ಸಾಲಕ್ಕೆ ಜಾಮೀನು ಹಾಕುವವರ ಹಾಗೆ ಕೆಳಗೆ ಸಹಿ ಹಾಕಿದರು.

ಮಾರ್ಚ್ ೧೪, ಶುಕ್ರವಾರ

ಸಿಕ್ಕಿದರು! ನಮ್ಮ ಪ್ರಕಟಣೆಯಿಂದಲ್ಲ. ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೂ ಕೂತೇ ಇದ್ದರಂತೆ. ಕಂಡಕ್ಟರು ಕೇಳಿದ್ದಕ್ಕೆ, "ಇವರು ಬರಲಿ, ಇಳೀತೀನಿ" ಎಂದರಂತೆ.

ಪ್ರಕಟಣೆ ನಿಲ್ಲಿಸಲು ಇಬ್ಬರೂ ಬಂದಿದ್ದರು. ಆಕೆಯನ್ನು ನೋಡಿ ನನಗೆ ಮುಖ ಬಿಸಿಯಾಯಿತು. ಉದ್ದ ಮುಖ. ಕಪ್ಪಗೆ, ಹೊಳೆಯುವ ಕಪ್ಪು. ಎಲುಬು ಕಾಣುವಷ್ಟು ಸಣಕಲು. ನಾನು ಅಚ್ಚು ಹಾಕಿಸಿದವರು ಬೇರೆ ಯಾರೋ. ಅವರು ಹೇಳಿದ ಒಂದೇ ಒಂದು ಅಳತೆ ಮಾತ್ರ ಸರಿಯಾಗಿತ್ತು. ಪಕ್ಕದಲ್ಲಿ ನಿಂತಾಗ ಅವರ ಭುಜಕ್ಕೇ ಬಂದರು.

ಸಹಿ ಹಾಕುವ ಮೊದಲು ಮ್ಯಾನೇಜರು ಆಕೆಯ ಕೂದಲನ್ನು ಬಲಗಿವಿಯ ಹಿಂದಕ್ಕೆ ಸರಿಸಿದರು. ಬೆರಳು ಅಲ್ಲಿ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತು. ನಾನು ರಬ್ಬರ್ ಸ್ಟಾಂಪ್ ಹುಡುಕುವ ನೆಪದಲ್ಲಿ ಡ್ರಾಯರಿಗೆ ಬಗ್ಗಿದೆ.

ಎಷ್ಟು ಪುಟ ಶೃಂಗಾರ ಬರೆದಿದ್ದೇನೆ ನಾನು. ಇಂಥ ಒಂದು ಸಾಲು ಇದೆಯೇ ಅದರಲ್ಲಿ? ಇದನ್ನು ಕಥೆಗೆ ಹಾಕುವಂತಿಲ್ಲ. ಆ ಕಿವಿ ಅವರ ಸ್ವತ್ತು.

ಮಾರ್ಚ್ ೧೫, ಶನಿವಾರ

ಹನ್ನೆರಡನೆಯ ಕಂತು ಬಂದಿದೆ. ಬಾಗಿಲು ಹಾಕಿಕೊಂಡ ಮೇಲೆ, ನಾನು ಬರೆಯದ ಒಂದು ಪ್ಯಾರಾ ಕೂತಿದೆ.

"ಇಪ್ಪತ್ತೆಂಟರ ತುಂಬುಹರೆಯ. ಹಾಲಿಗೆ ಕೇಸರಿ ಕದಡಿದಂಥ ಮೈಬಣ್ಣ. ಬಳುಕುವ ಬಳ್ಳಿನಡು." ಇನ್ನೂ ಇದೆ. ಕೆಳಕ್ಕೆ ಇಳಿಯುತ್ತ ಹೋಗುತ್ತದೆ. ಮೃಗಾಲಯದ ಬದಲು ತೋಟಗಾರಿಕೆ.

ಯಾರಿವಳು? ನನ್ನವಳು ಒಂಬತ್ತನೆಯ ಕಂತಿನಲ್ಲಿ ನೆಲಕ್ಕೆ ಬಿದ್ದ ಸ್ಕ್ರೂ ಹುಡುಕಿ ಏಳುವಾಗ ಮಂಡಿ ಹಿಡಿದುಕೊಂಡಿದ್ದಳು. ಇಪ್ಪತ್ತೆಂಟಕ್ಕೆ ಮಂಡಿನೋವೇ?

ಫೋನ್ ಮಾಡಿದೆ.

"ಮೇಲಿನವ್ರು ಹಾಕಿಸಿದ್ರು ಆಂಟೀ. ನಾನು ಹಾಕಿದ್ದಲ್ಲ."

"ತೆಗೀರಿ."

"ತಿದ್ದೋ ಹಕ್ಕು ನಮ್ಮದು ಅಂತ ಒಪ್ಪಂದದಲ್ಲಿದೆಯಲ್ಲ. ಹದಿಮೂರು ಕೊನೇ ಕಂತು. ಇದೇ ಹುಡುಗೀನ ಇಟ್ಕೊಂಡು ಬರೆದುಕೊಡಿ. ಗುರುವಾರದೊಳಗೆ ಬರದೇ ಇದ್ರೆ ಬೇರೆಯವ್ರ ಕೈಲಿ ಬರೆಸ್ತಾರಂತೆ."

"ಅವಳನ್ನ ಬೇರೆಯವರಿಗೆ ಕೊಡೋಕೆ ಅವಳೇನು ಬಾಡಿಗೆ ಸೈಕಲ್ಲಾ?"

"ಆಂಟೀ, ನನ್ನ ಮೇಲೆ ಕೂಗ್ಬೇಡಿ. ನಂಗೂ ಕೈ ಇಷ್ಟ ಆಗಿತ್ತು." ಅಳುವ ದನಿ.

ಕೂಗಿದ್ದಕ್ಕೆ ಬೇಸರವಾಯಿತು. ಹೇಳಿದ ಮಾತಿಗೆ ಆಗಲಿಲ್ಲ.

ಮಾರ್ಚ್ ೧೬, ಭಾನುವಾರ

ಓದುಗರ ಅನಿಸಿಕೆಗಳನ್ನು ಕೂತು ಓದಿದೆ. ಎರಡನ್ನು ಬಿಟ್ಟರೆ ಮಿಕ್ಕವು ಬರೀ ಹೃದಯದ ಚಿತ್ರಗಳು.

ಒಬ್ಬ ಹೆಂಗಸು ಬರೆದಿದ್ದಾಳೆ: "ಹನ್ನೊಂದು ಕಂತು ಅವಳು ನನ್ನ ಹಾಗೇ ಇದ್ದಾಳೆ ಅಂದುಕೊಂಡು ಓದಿದೆ. ಕೊನೆಗೆ ನನ್ನನ್ನು ಕೋಣೆಯಿಂದ ಆಚೆ ಕಳಿಸಿ ಬಾಗಿಲು ಹಾಕಿಕೊಂಡಿರಿ."

ಇದನ್ನು ಓದಿ ನನ್ನ ಹಟಕ್ಕೆ ಎರಡು ಕೊಂಬು ಬಂದವು. ಕೆಳಗೆ ಇನ್ನೊಬ್ಬನದು: "ಅಬ್ಬ, ಕೊನೆಗೂ ಹೇಳಿದಿರಿ! ಮೊದಲ ಕಂತಿನಿಂದಲೂ ನನ್ನ ಮನಸ್ಸಿನಲ್ಲಿ ಇದ್ದವಳು ಇವಳೇ. ಇದೇ ಬಣ್ಣ, ಇದೇ ವಯಸ್ಸು."

ಕೊಂಬು ಅಲ್ಲೇ ಮುರಿದವು. ಇವನಿಗೆ ಯಾರೂ ಏನೂ ಹೇಳಿರಲಿಲ್ಲ. ನಾನು ಮಹಾ ಸೂಕ್ಷ್ಮವೆಂದು ಖಾಲಿ ಬಿಟ್ಟ ಗೋಡೆಯ ಮೇಲೆ ಇವನು ಎಂದೋ ಕ್ಯಾಲೆಂಡರಿನ ಹುಡುಗಿಯನ್ನು ನೇತುಹಾಕಿಕೊಂಡಿದ್ದಾನೆ. ಮಂಡಿ ಹಿಡಿದುಕೊಂಡಾಗಲೂ ಕ್ಯಾಲೆಂಡರ್ ಅಲುಗಲಿಲ್ಲ.

ಹಾಗಾದರೆ ಬರೆಯಲೇಬೇಕು. ಅವರು ಕೇಳಿದ್ದನ್ನಲ್ಲ. ಆದರೆ ಏನನ್ನು? ಗಡಿಯಾರದವಳು ಹೇಗಿದ್ದಾಳೆ ಎಂದು ನನ್ನನ್ನೇ ಕೇಳಿಕೊಂಡೆ. ನನಗೂ ಗೊತ್ತಿಲ್ಲ. ಹನ್ನೆರಡು ಕಂತು ಬರೆದಿದ್ದೇನೆ, ಕೈ, ಕಣ್ಣು ಬಿಟ್ಟರೆ ಅವಳನ್ನು ನೋಡಿಯೇ ಇಲ್ಲ.

ಬೀರುವಿನ ಕನ್ನಡಿಯ ಮೇಲಿದ್ದ ಟವೆಲ್ ಸರಿಸಿ ಸ್ವಲ್ಪ ಹೊತ್ತು ನಿಂತೆ. ಆ ಟವೆಲ್ ಅಲ್ಲಿರುವುದು ಒಣಗಲಿ ಎಂದು. ಗೆರೆಗೆರೆಯ ಹಳೆಯ ಟವೆಲ್. ಮತ್ತೆ ಹಾಕಿದೆ.

ಮಾರ್ಚ್ ೧೮, ಮಂಗಳವಾರ

ಸಂಜೆ ಕಾಫಿ ಕೊಡುವಾಗ ಇವರು ತಲೆ ಎತ್ತದೆ ಹೇಳಿದರು. "ಇವಳೇ, ಹನ್ನೆರಡನೇದು ನೀನು ಬರೆದಿದ್ದಲ್ಲ."

ಲೋಟ ಕೈಯಲ್ಲೇ ಉಳಿಯಿತು. "ನೀವು ಓದಿದ್ರಾ?"

"ಇವತ್ತು ಸರ್ವೆಗೆ ಜಮೀನಿನವರು ಬರೋದು ತಡ ಆಯ್ತು. ಜೀಪಲ್ಲಿ ಕೂತು ಮೊದಲಿಂದ ಓದಿದೆ. ಆ ಹಾಲು ಕೇಸರಿಯವಳು ಯಾರು? ಗಡಿಕಲ್ಲು ಕಿತ್ತು ಪಕ್ಕದ ಹೊಲದಲ್ಲಿ ನೆಟ್ಟ ಹಾಗಿದೆ."

ನಡೆದದ್ದೆಲ್ಲ ಹೇಳಿದೆ. ಮ್ಯಾನೇಜರ ವಿಷಯವನ್ನೂ ಹೇಳಿದೆ, ಕಿವಿಯೊಂದನ್ನು ಬಿಟ್ಟು. ಕೇಳಿದವರು ನಕ್ಕರು. ಆ ನಗುವೇ ನನ್ನನ್ನು ಕೆರಳಿಸಿತು.

"ನಗಬೇಡಿ. ಅವರು ಎದ್ದು ನಿಂತು ಕೈಯಲ್ಲಿ ಅಳತೆ ತೋರಿಸಿದ್ರು. ನೀವೋ, ಸಾಧಾರಣ ಮೈಕಟ್ಟು, ಕನ್ನಡಕ!"

"ನೀನು ಪೇಪರ್‌ಗೆ ಅಂತ ಕೇಳಿದೆ ಕಣೆ. ಊರವರಿಗೆಲ್ಲ ಮಿಕ್ಕಿದ್ದು ಯಾಕೆ ಹೇಳಲಿ?"

"ಮಿಕ್ಕಿದ್ದು ಅಂತ ಏನಾದ್ರೂ ಇದ್ರೆ ತಾನೆ."

ಕಾಫಿ ಮುಗಿಸಿದರು. ಲೋಟವನ್ನು ಕೆಳಗಿಟ್ಟು, ಜಮೀನಿನ ನಾಲ್ಕೂ ದಿಕ್ಕಿನ ಚಕ್ಕುಬಂದಿ ಹೇಳುವ ದನಿಯಲ್ಲಿ ಶುರುಮಾಡಿದರು. ಓದುವಾಗ ನಾನು ಎಡಗಾಲಿನ ಹೆಬ್ಬೆರಳನ್ನು ಪಕ್ಕದ ಬೆರಳಿನ ಮೇಲೆ ಹತ್ತಿಸಿಕೊಳ್ಳುತ್ತೇನಂತೆ. ಪದ್ಯ ಚೆನ್ನಾಗಿದ್ದರೆ ಎರಡೂ ಕಾಲಲ್ಲಿ. ಕನ್ನಡಕ ತೆಗೆದಾಗ ಮೂಗಿನ ಮೇಲೆ ಎರಡು ಗುಳಿ ಉಳಿಯುತ್ತವಂತೆ. ಅವು ತುಂಬುವವರೆಗೆ ನಾನು ಈಗಷ್ಟೇ ಊರಿಗೆ ಬಂದವಳ ಹಾಗೆ ಕಾಣುತ್ತೇನಂತೆ.

"ಆಮೇಲೆ ಹೊಟ್ಟೆ ಆಪರೇಷನ್ ಗೆರೆ. ಡಾಕ್ಟ್ರು ಸೀದಾ ಹಾಕಿಲ್ಲ. ಕೊನೇಲಿ ಎಡಕ್ಕೆ ತಿರುಗಿದೆ."

"ಅದು ನಿಮಗೆ ಹೇಗೆ ಗೊತ್ತು?"

"ಸರ್ವೆಯವನು ನಾನು. ಗೆರೆ ಸೊಟ್ಟಗಿದ್ರೆ ಗೊತ್ತಾಗಲ್ವಾ?"

ಇನ್ನೊಂದು ಹೇಳಿದರು. ಅದನ್ನು ಇಲ್ಲಿಯೂ ಬರೆಯುವುದಿಲ್ಲ.

ನಾನು ಲೋಟಗಳನ್ನು ತೊಳೆಯಲು ಹೋದೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೇನೆಂದು ಇವರು ಬಂದು ನಲ್ಲಿ ನಿಲ್ಲಿಸಿದ ಮೇಲೆ ಗೊತ್ತಾಯಿತು.

"ಮೂರನ್ನ ಕಥೆಗೆ ತಗೊಳ್ಳಲಾ?" ಎಂದೆ.

"ತಗೋ. ನಾಲ್ಕನೇದು ಬೇಡ."

ಮಾರ್ಚ್ ೨೦, ಗುರುವಾರ

ಬೆಳಿಗ್ಗೆ ಕಚೇರಿಗೆ ರಜೆ ಹಾಕಿ ಬರೆದೆ. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕಿಳಿಯುವಷ್ಟರಲ್ಲಿ ಮುಗಿಯಿತು. ಇಷ್ಟು ವರ್ಷ ಕೌಂಟರಿನಲ್ಲಿ ಸವೆಸಿದ ಕೈ ಸುಮ್ಮನೆ ಹೋಗಬಾರದಲ್ಲ. ಹದಿಮೂರನೆಯ ಕಂತು ಹೀಗೆ ತೆರೆಯುತ್ತದೆ. ಮಾತು ಗಡಿಯಾರ ತರುವವನದು.

"ಕಾಣೆಯಾಗಿದ್ದಾಳೆ. ಹನ್ನೊಂದನೆಯ ಕಂತಿನವರೆಗೆ ನಿಮ್ಮೆಲ್ಲರೆದುರು ಇದ್ದ ಗಡಿಯಾರ ರಿಪೇರಿಯವಳು, ಹನ್ನೆರಡರಲ್ಲಿ ಬಾಗಿಲು ಹಾಕಿಕೊಂಡ ಕೂಡಲೇ ಕಾಣೆಯಾಗಿದ್ದಾಳೆ. ಅವಳ ಜಾಗದಲ್ಲಿ ಇಪ್ಪತ್ತೆಂಟರ ಹುಡುಗಿಯೊಬ್ಬಳು ಪತ್ತೆಯಾಗಿದ್ದಾಳೆ. ಆಕೆಯ ಮೇಲೆ ನನ್ನದೇನೂ ದೂರಿಲ್ಲ. ಸಂಬಂಧಪಟ್ಟವರು ಬಂದು ಕರೆದುಕೊಂಡು ಹೋಗಬೇಕು.

"ನನ್ನವಳ ಚಹರೆ: ವಯಸ್ಸು ನಲವತ್ತೆಂಟು. ಎತ್ತರ, ಒತ್ತಿ ನಿಂತರೆ ನೆತ್ತಿ ನನ್ನ ಕೊರಳ ಮೂಳೆಗೆ. ಬಣ್ಣ, ಯಾವ ಭಾಗದ್ದೆಂದು ಕೇಳಿದರೆ ಹೇಳಬಲ್ಲೆ, ಒಂದೊಂದು ಕಡೆ ಒಂದೊಂದು. ಮಸೂರ ತೆಗೆದಾಗ ಕಣ್ಣಿನ ಸುತ್ತ ಉಂಗುರದ ಗುರುತು ಉಳಿಯುತ್ತದೆ. ಅದು ಮಾಯುವವರೆಗೆ ಈಗಷ್ಟೇ ಊರಿಗೆ ಬಂದವಳ ಹಾಗೆ ನೋಡುತ್ತಾಳೆ. ಸಂತೋಷವಾದರೆ ಕಾಲಿನ ಹೆಬ್ಬೆರಳು ಪಕ್ಕದ ಬೆರಳನ್ನು ಏರುತ್ತದೆ. ಹೊಟ್ಟೆ ಮೆತ್ತಗೆ, ಮಡಿಕೆಗಳೊಂದಿಗೆ. ಅಲ್ಲೊಂದು ಗೆರೆ. ಅದು ಎಲ್ಲಿ ಎಡಕ್ಕೆ ತಿರುಗುತ್ತದೆಂದು ನನ್ನ ಬೆರಳಿಗೆ ಕತ್ತಲಲ್ಲೂ ಗೊತ್ತು. ಕಾಣೆಯಾದಾಗ ಧರಿಸಿದ್ದ ಉಡುಪು: ಕೈಗಡಿಯಾರ."

ಎತ್ತರ ಹೇಳುವ ಬಗೆಯನ್ನು ಮ್ಯಾನೇಜರಿಂದ ಕಡ ತಂದೆ. ಕಿವಿಯನ್ನು ಮುಟ್ಟಲಿಲ್ಲ.

ಆಮೇಲಿನದು ಕೋಣೆಯೊಳಗಿನ ಕಥೆ. ಅವನು ಅವಳನ್ನು ಹುಡುಕುತ್ತಾನೆ, ಸಿಗುತ್ತಾಳೆ. ಅಲ್ಲಿ ದೀಪವನ್ನು ನಾನು ಆರಿಸಲಿಲ್ಲ.

ಕಳಿಸುವಾಗ ಜೊತೆಗೆ ಬರೆದೆ: "ಒಂದು ಪದ ಸೇರಿಸಿದರೂ, ಕಿತ್ತರೂ ನನ್ನ ಹೆಸರು ತೆಗೆಯಿರಿ. ಯಾಕೆ ತೆಗೆದಿರಿ ಎಂದು ಓದುಗರಿಗೆ ನಾನೇ ಹೇಳುತ್ತೇನೆ. ಪ್ರಕಟಣೆ ಬರೆಯುವುದು ನನಗೆ ಹೊಸದಲ್ಲ."

ಕಳಿಸಿದೆ. ಹಸಿವಾಯಿತು.

ಮಾರ್ಚ್ ೨೨, ಶನಿವಾರ

ಒಂದು ಪದವೂ ಅಲುಗದೆ ಬಂದಿದೆ.

ಮಧ್ಯಾಹ್ನದ ಹೊತ್ತಿಗೆ ಓದುಗರೇ ಕೇಳತೊಡಗಿದರು, ಹಾಗಾದರೆ ಹನ್ನೆರಡರಲ್ಲಿರುವ ಆ ಹುಡುಗಿ ಯಾರು, ಪಾಪ, ಅವಳ ಮನೆಯವರು ಬಂದರೇ? ಸಂಜೆ ಸಂಪಾದಕಿಯ ಫೋನು.

"ಮೇಡಂ! ಹನ್ನೆರಡರ ಪ್ಯಾರಾ ತೆಗೆದುಬಿಟ್ಟೆ. ನಾನೇ. ಮೇಲಿನವ್ರನ್ನ ಕೇಳಲಿಲ್ಲ."

"ಬೈದ್ರಾ?"

"ಬೈದ್ರು. ಆದ್ರೆ ಜನ ಓದ್ತಿದ್ದಾರಲ್ಲ, ಅದಕ್ಕೇ ಸ್ವಲ್ಪ ಮೆಲ್ಲಗೆ ಬೈದ್ರು." ಆಮೇಲೆ ದನಿ ಇಳಿಸಿದಳು. "ಆಂಟೀ..."

"ಹೇಳು, ಏನು ಕೆಟ್ಟ ಸುದ್ದಿ?"

"ಮುಂದಿನ ಕಥೆಗೆ ಮೊದಲೇ ನಾಯಕಿಯ ವಿವರ ಕೊಡಬೇಕಂತೆ. ವಯಸ್ಸು, ಬಣ್ಣ, ಎಲ್ಲ. ಇಲ್ದಿದ್ರೆ ತಗೊಳ್ಳಲ್ವಂತೆ."

"ಹಾಗಾದ್ರೆ ತಗೊಳ್ಳೋದು ಬೇಡ."

"ನಿಜವಾಗ್ಲೂ?"

"ಎಷ್ಟು ವಿವರ ಬೇಕು ಅಂತ ಹೇಳ್ಬೇಕಾದವನು ಅವಳ ಪಕ್ಕ ಇರೋನು. ಒಪ್ಪಂದ ಅಲ್ಲ. ಬೇರೆ ಕಡೆ ಬರೀತೀನಿ. ಯಾರೂ ಹಾಕದಿದ್ರೆ ನಾನೇ ಹಾಕ್ಕೊಳ್ತೀನಿ."

ಅವಳು ಕೇಳಿದಳು. "ಎಲ್ಲಿ ಹಾಕಿದ್ರೂ ನಂಗೆ ಕಳಿಸ್ತೀರಾ? ಸಂಪಾದಕಿಗಲ್ಲ. ನಂಗೆ."

ಟವೆಲಿಗೆ ಬಚ್ಚಲಮನೆಯ ಹತ್ತಿರ ಒಂದು ಮೊಳೆ ಹೊಡೆಸಬೇಕು. ಕನ್ನಡಿಯ ಮೇಲೆ ಸರಿಯಾಗಿ ಒಣಗುವುದೇ ಇಲ್ಲ.

ಮಾರ್ಚ್ ೨೫, ಮಂಗಳವಾರ

ಹೊರಕೋಣೆಯ ಹಲಗೆ ಮಂಚ ಒಗೆದ ಬಟ್ಟೆ ಮಡಚಿಡಲು ಅನುಕೂಲವಾಗಿದೆ. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಇವತ್ತು ಕೌಂಟರಿನಲ್ಲಿ ಮಗ ಕಾಣೆಯಾದ ತಾಯಿಯೊಬ್ಬರ ಮಾತನ್ನು ಹಾಗೆಯೇ ಬರೆದುಕೊಂಡೆ: "ಬೈದರೆ ನಗುತ್ತಾನೆ." ಅಲ್ಪವಿರಾಮದವರು ಕೆಂಪು ಪೆನ್ನು ಎತ್ತಿದರು.

"ಏನಿದು? ಚಹರೆನಾ ಇದು?"

"ಹೌದು ಸರ್, ಇದೇ ಚಹರೆ."

ಮುಖ ನೋಡಿದರು. ಪೆನ್ನು ಇಳಿಸಿ, ಸುಮ್ಮನಿರಲಾರದೆ ಬೈದರೆ ಎಂಬುದರ ಮುಂದೆ ಒಂದು ಅಲ್ಪವಿರಾಮ ಹಾಕಿ ಕಳಿಸಿದರು.

ಬೆಳಿಗ್ಗೆ ಮನೆಯಲ್ಲಿ ಬೇರೆಯೇ ಜಗಳ. ಇವರು ಫೋನ್ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. ಹದಿಮೂರನ್ನು ಮತ್ತೆ ಓದಿದ್ದರು.

"ಕೊರಳ ಮೂಳೆ ಅಂತ ಬರೆದಿದ್ದೀಯ. ಅಳತೆ ತಪ್ಪು."

"ಅದು ಕಥೆ ರೀ."

"ಕಥೆ ಆದ್ರೂ ಅಳತೆ ಅಳತೆನೇ. ಬಾ ಇಲ್ಲಿ. ಚಪ್ಪಲಿ ಬಿಡು."

ಒಲೆ ಆರಿಸಿ ಹೋದೆ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದರು. ಎದುರು ನಿಂತೆ.

"ನೆಟ್ಟಗೆ ನಿಲ್ಲೇ." ಹೊಲದಲ್ಲಿ ಅಳತೆಗೋಲು ಹಿಡಿದವರಿಗೆ ಹೇಳುವ ದನಿ. ನಿಂತೆ. ನನ್ನ ನೆತ್ತಿಯಿಂದ ಅಂಗೈಯನ್ನು ಮಟ್ಟವಾಗಿ ತಮ್ಮ ಕಡೆಗೆ ಎಳೆದುಕೊಂಡರು. "ನೋಡು. ಗದ್ದಕ್ಕೆ ಬರ್ತೀಯ. ನೀನು ಅಂದಾಜು ಮಾಡಿದಾಗ ತಲೆ ತಗ್ಗಿಸಿಕೊಂಡು ನಿಂತಿರಬೇಕು."

ಅಂಗೈ ಅಲ್ಲೇ ಇತ್ತು. ಕಚೇರಿಗೆ ಇಬ್ಬರಿಗೂ ಹೊತ್ತಾಗುತ್ತಿತ್ತು.

"ಆ ಹುಡುಗಿಗೆ ತಿದ್ದುಪಡಿ ಕಳಿಸ್ತೀಯಾ?" ಎಂದರು.

ಇಲ್ಲ ಎಂದೆ. ಕೊರಳ ಮೂಳೆ ಗಡಿಯಾರದವಳದ್ದು. ಗದ್ದ ನನ್ನದು.